ಮನೆಯಲ್ಲೇ ವಾರಕ್ಕೊಂದು ನಗೆಕೂಟ: ನಡೆಸುವುದು ಹೇಗೆ?

"ಬಿ.ಪಿ. ಇದೆ, ತಲೆಬಿಸಿ ಕಡಿಮೆ ಮಾಡಿಕೊಳ್ಳಿ, ಮನೆಯವರ ಜೊತೆ ನಗುನಗುತ್ತಾ ಇರಿ ಎಂದು ವೈದ್ಯರು ಹೇಳಿದ್ದಾರೆ. ಮಾತ್ರೆಯಾದರೆ ಅಂಗಡಿಯಲ್ಲಿ ಸಿಗುತ್ತದೆ, ನಗುವನ್ನು ಎಲ್ಲಿಂದ ತರಲಿ?" ಆರೋಗ್ಯದ ಬಗ್ಗೆ ಬರೆಯಲು ತೊಡಗಿದಂದಿನಿಂದ ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ನನ್ನೆದುರು ಬರುತ್ತಲೇ ಇದೆ. ಉದ್ಯಾನದ ನಗೆಕೂಟಕ್ಕೆ ಸೇರಿದರೆ ಪ್ರಯೋಜನವಿದೆಯೇ ಎಂದು ಕೆಲವರು ಕೇಳುತ್ತಾರೆ. "ನಮ್ಮ ಮನೆಯಲ್ಲಿ ಯಾರಿಗೂ ಜೋಕು ಹೇಳಲು ಬರುವುದಿಲ್ಲ" ಎಂದು ಮೊದಲೇ ಕೈಚೆಲ್ಲುವವರು ಇನ್ನು ಕೆಲವರು. ಈ ಎರಡನೆಯವರಿಗಾಗಿಯೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಜೋಕು ಬಾರದಿರುವುದು ಇಲ್ಲಿ ಕೊರತೆಯೇ ಅಲ್ಲ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಪ್ರೊವೈನ್ ಜನ ಎಲ್ಲಿ, ಯಾವಾಗ ನಗುತ್ತಾರೆ ಎಂಬುದನ್ನು ಸಾರ್ವಜನಿಕ ಜಾಗಗಳಲ್ಲಿ ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಂಡವರು. 1,200 ನಗುಗಳನ್ನು ಹೀಗೆ ಕಲೆಹಾಕಿ ನೋಡಿದಾಗ, ತಮಾಷೆ ಎನ್ನಬಹುದಾದ ಮಾತಿನ ಹಿಂದೆ ಬಂದ ನಗು ನೂರಕ್ಕೆ ಇಪ್ಪತ್ತನ್ನೂ ದಾಟಲಿಲ್ಲ. ಉಳಿದದ್ದೆಲ್ಲ "ಸರಿ, ಹೊರಟೆ", "ಓ, ಇವನೂ ಬಂದನೇ" ಎಂಬಂಥ ಸಪ್ಪೆ ಮಾತುಗಳಿಗೆ ಹುಟ್ಟಿದ ನಗು. ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂಬುದೂ ಅವರದೇ ಲೆಕ್ಕ. ಆದ್ದರಿಂದ ನೀವು ಹೊಂದಿಸಬೇಕಾದದ್ದು ಜನರನ್ನು, ಹೊತ್ತನ್ನು, ಕೂರುವ ಜಾಗವನ್ನು. ನಗು ಅದರ ಹಿಂದೆ ತಾನಾಗಿ ಬರುತ್ತದೆ.

ದೇಹಕ್ಕೆ ಸಿಗುವುದೇನು?

ನಗು ಎಂದರೆ ಉಸಿರನ್ನು ತುಂಡುತುಂಡಾಗಿ ಹೊರಗೆ ತಳ್ಳುವ ಕೆಲಸ. ಸೆಕೆಂಡಿಗೆ ಸುಮಾರು 5 ಬಾರಿ "ಹ" ಹೊರಡುತ್ತದೆ. ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ದುಡಿಯುತ್ತವೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು ಎನ್ನುತ್ತೇವಲ್ಲ, ಆ ನೋವು ಸುಳ್ಳಲ್ಲ. ವ್ಯಾಯಾಮ ಮಾಡಿದ ಸ್ನಾಯುವಿನ ನೋವು ಅದು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುಂಪಿನಲ್ಲಿ ಮನಸಾರೆ ನಕ್ಕವರ ನೋವು ತಾಳುವ ಶಕ್ತಿ ನಕ್ಕ ನಂತರ ಹೆಚ್ಚಿತ್ತು. ಇದಕ್ಕೆ ಕಾರಣ ಎಂಡಾರ್ಫಿನ್ ಎಂಬುದು ಅವರ ವಾದ. ಎಂಡಾರ್ಫಿನ್ ಎಂದರೆ ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುವ, ಅಫೀಮಿನ ಬಳಗದ ನೋವುನಿವಾರಕ. 2017ರಲ್ಲಿ ಫಿನ್ಲೆಂಡಿನ ಟುರ್ಕು ನಗರದ ಸಂಶೋಧಕರು, ಗೆಳೆಯರ ಜೊತೆ ಕುಳಿತು ನಕ್ಕವರ ಮಿದುಳನ್ನು ಸ್ಕ್ಯಾನ್ ಮಾಡಿ, ಈ ರಾಸಾಯನಿಕ ನಿಜವಾಗಿಯೂ ಬಿಡುಗಡೆಯಾಗುತ್ತದೆ ಎಂದು ತೋರಿಸಿದರು. ನಗೆಚಿತ್ರ ನೋಡಿದವರ ರಕ್ತನಾಳಗಳು ಸ್ವಲ್ಪ ಹೊತ್ತು ಹಿಗ್ಗಿ ರಕ್ತ ಸರಾಗವಾಗಿ ಹರಿದದ್ದನ್ನು 2005ರಲ್ಲಿ ಮೇರಿಲ್ಯಾಂಡ್‌ನ ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಕಾರ್ಟಿಸಾಲ್, ಅಂದರೆ ಗಾಬರಿ ಮತ್ತು ಒತ್ತಡದಲ್ಲಿ ಏರುವ ಹಾರ್ಮೋನು, ನಕ್ಕಾಗ ಇಳಿಯುತ್ತದೆ ಎನ್ನುವ ಚಿಕ್ಕ ಅಧ್ಯಯನಗಳು ಹಲವು ಇವೆ.

ಚಿಕ್ಕ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಇವೆಲ್ಲ ಬೆರಳೆಣಿಕೆಯ ಜನರ ಮೇಲೆ, ಕೆಲವೇ ಗಂಟೆ ನಡೆದ ಪ್ರಯೋಗಗಳು. ನಗು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ, ಕ್ಯಾನ್ಸರ್ ಕರಗಿಸುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಂಬಬೇಡಿ. ತೂಕ ಇಳಿಯುತ್ತದೆ ಎಂಬ ಆಸೆಯನ್ನೂ ಇಟ್ಟುಕೊಳ್ಳಬೇಡಿ: 10ರಿಂದ 15 ನಿಮಿಷ ನಕ್ಕರೆ ಕರಗುವುದು ಸುಮಾರು 10ರಿಂದ 40 ಕ್ಯಾಲರಿ, ಅರ್ಧ ಲೋಟ ಕಾಫಿಗೂ ಸಾಲದ ಉಳಿತಾಯ. ಬಿ.ಪಿ. ಮಾತ್ರೆಯನ್ನು ವೈದ್ಯರು ಹೇಳದೆ ಒಂದು ದಿನವೂ ಬಿಡಬೇಡಿ.

ಇನ್ನೊಂದು ಮಾತು. ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದ ಸ್ಮಿತವನ್ನು ಉತ್ತಮರಿಗೂ, ಮೈ ಕುಲುಕುವ ಅಪಹಸಿತ, ಅತಿಹಸಿತಗಳನ್ನು ಅಧಮರಿಗೂ ಕೊಟ್ಟಿದೆ. ಡನ್ಬಾರ್ ಅವರ ಲೆಕ್ಕದಲ್ಲಿ ಫಲ ಸಿಗುವುದು ಉಸಿರು ಖಾಲಿಯಾಗುವ ನಗುವಿಗೆ. ಆರೋಗ್ಯದ ಮಟ್ಟಿಗೆ ಅಧಮರೇ ಗೆದ್ದರು.

ಶುರು ಮಾಡುವ ಮುನ್ನ: ಯಾರು ಎಚ್ಚರ ವಹಿಸಬೇಕು?

ಜೋರಾದ ನಗು ಕೆಮ್ಮಿನಂತೆಯೇ ಹೊಟ್ಟೆಯ ಒಳಗಿನ ಒತ್ತಡವನ್ನು ಏರಿಸುತ್ತದೆ. ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಸಿಸೇರಿಯನ್ ಆದವರು, ಪಕ್ಕೆಲುಬು ಮುರಿದವರು ಒಂದು ದಿಂಬನ್ನು ಆ ಜಾಗಕ್ಕೆ ಅಪ್ಪಿ ಹಿಡಿದು ಕುಳಿತುಕೊಳ್ಳಲಿ. ನಗು ಉಕ್ಕಿದಾಗ ಅದನ್ನು ಒತ್ತಿ ಹಿಡಿದರೆ ಹೊಲಿಗೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಹೃದಯಾಘಾತವಾಗಿ ಕೆಲವೇ ವಾರಗಳಾಗಿದ್ದರೆ ವೈದ್ಯರನ್ನು ಕೇಳಿಯೇ ಸೇರಿಕೊಳ್ಳಿ.

ಆಸ್ತಮಾ ಇರುವವರಿಗೆ ನಗುವೇ ಕೆಮ್ಮು ತರಿಸಬಹುದು, ಇನ್‌ಹೇಲರ್ ಕೈಗೆಟಕುವಂತಿರಲಿ. ಪ್ರತಿ ಸಲ ನಕ್ಕಾಗಲೂ ಉಬ್ಬಸ ಬರುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದು ಅರ್ಥ. ಆಗ ಬಿಡಬೇಕಾದದ್ದು ನಗುವನ್ನಲ್ಲ, ಬದಲಾಗಬೇಕಾದದ್ದು ಔಷಧ. ನಗುತ್ತಿರುವಾಗ ಕಣ್ಣು ಕತ್ತಲಿಟ್ಟರೆ ಅಥವಾ ಕೈಕಾಲು ಸೋತು ಕುಸಿದಂತಾದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಯಾರೂ ಬಾಯಿಬಿಟ್ಟು ಕೇಳದ, ಆದರೆ ಹಲವು ಹೆಂಗಸರನ್ನು ನಗುವಿನಿಂದ ದೂರ ಇಟ್ಟಿರುವ ಸಂಗತಿ ಒಂದಿದೆ: ನಕ್ಕಾಗ ಮೂತ್ರ ತೊಟ್ಟಿಕ್ಕುವುದು. ಹೆರಿಗೆಯ ನಂತರ ಮತ್ತು ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ತೀರಾ ಸಾಮಾನ್ಯ. ಮೂತ್ರವನ್ನು ತಡೆಹಿಡಿಯಲು ಬಳಸುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಕೆಲವು ತಿಂಗಳು ಬಿಡದೆ ಮಾಡಿದರೆ ಬಹಳಷ್ಟು ಮಂದಿಗೆ ಗುಣ ಕಾಣುತ್ತದೆ. ಸ್ತ್ರೀರೋಗ ತಜ್ಞರು ಅಥವಾ ಫಿಸಿಯೋಥೆರಪಿಸ್ಟ್ ಸರಿಯಾದ ಕ್ರಮ ಹೇಳಿಕೊಡುತ್ತಾರೆ. ಕೂಟಕ್ಕೆ ಮುಂಚೆ ಒಮ್ಮೆ ಶೌಚಾಲಯಕ್ಕೆ ಹೋಗಿ ಬನ್ನಿ. ನಾಚಿಕೆಯಿಂದ ಮೂಲೆ ಸೇರಬೇಡಿ.

1. ಜನರನ್ನು ಆರಿಸಿಕೊಳ್ಳಿ

ಹತ್ತಿಪ್ಪತ್ತು ಜನರನ್ನು ಸೇರಿಸಿದರೆ ಅದು ಸಮಾರಂಭವಾಗುತ್ತದೆ. ಸಹಜವಾಗಿ ಒಟ್ಟಿಗೆ ನಗುವ ಗುಂಪು ಮೂರು ನಾಲ್ಕು ಜನರದು. ಮನೆಯಲ್ಲಿ ಆರೇಳು ಮಂದಿ ಇದ್ದರೂ ತೊಂದರೆಯಿಲ್ಲ. ಮಾತು ತಾನಾಗಿಯೇ ಎರಡು ಗುಂಪಾಗಿ ಒಡೆಯುತ್ತದೆ, ಒಡೆಯಲಿ ಬಿಡಿ. "ಎಲ್ಲರೂ ಇಲ್ಲಿ ಕೇಳಿ" ಎಂದು ಕೂಗಿ ಅದನ್ನು ಮತ್ತೆ ಒಂದು ಮಾಡಲು ಹೋಗಬೇಡಿ.

ಮನೆಯವರ ಜೊತೆಗೆ ಹೊರಗಿನವರೊಬ್ಬರು ಇರುವುದು ಬಹಳ ಮುಖ್ಯ. ಪಕ್ಕದ ಮನೆಯವರು, ಮಗಳ ಗೆಳತಿ, ಊರಿಂದ ಬಂದ ಸೋದರತ್ತೆ, ಯಾರಾದರೂ ಆದೀತು. ಬರೀ ಮನೆಯವರೇ ಕುಳಿತರೆ ಹತ್ತು ನಿಮಿಷದಲ್ಲಿ ಮಾತು ಕರೆಂಟ್ ಬಿಲ್ಲಿಗೋ ಮಗನ ಅಂಕಪಟ್ಟಿಗೋ ಹೊರಳುತ್ತದೆ. ಹೊಸ ಕಿವಿಯೊಂದು ಸಿಕ್ಕಿತೆಂದರೆ ನೀವೆಲ್ಲ ನೂರು ಸಲ ಕೇಳಿದ ಕಥೆಗೆ ಮರುಜೀವ ಬರುತ್ತದೆ. ಅಪ್ಪ ತಪ್ಪು ಬಸ್ ಹತ್ತಿ ತಪ್ಪು ಮದುವೆಯಲ್ಲಿ ಉಂಡು ಬಂದ ಕಥೆಯನ್ನು ಅಮ್ಮ ನಡುವೆ ತಿದ್ದುತ್ತಾಳೆ, ಅಪ್ಪ ಒಪ್ಪುವುದಿಲ್ಲ, ಅತಿಥಿ ನಗುತ್ತಾರೆ, ಆ ನಗುವಿಗೆ ಮನೆಯವರೂ ನಗುತ್ತಾರೆ.

2. ಹೊತ್ತು ಮತ್ತು ಜಾಗ

ವಾರಕ್ಕೊಂದು ದಿನ, ನಿಗದಿತ ಹೊತ್ತು, 45 ನಿಮಿಷ. ರಾತ್ರಿ ಊಟದ ನಂತರವಾದರೆ ಹಿರಿಯರು ತೂಕಡಿಸುತ್ತಾರೆ. ಭಾನುವಾರದ ಸಂಜೆ ವಾಸಿ.

ಟಿವಿಯ ಮುಂದೆ ಸಾಲಾಗಿ ಇಟ್ಟಿರುವ ಸೋಫಾ ನಗುವಿನ ದೊಡ್ಡ ಶತ್ರು. ಅಲ್ಲಿ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ನಗು ಅಂಟುವುದು ಕಣ್ಣು ಮತ್ತು ಕಿವಿಯ ಮೂಲಕ. ಚಾಪೆ ಹಾಸಿ ದುಂಡಗೆ ಕುಳಿತುಕೊಳ್ಳಿ. ಮಂಡಿನೋವಿನವರಿಗೆ ಕುರ್ಚಿ ಕೊಟ್ಟು ವೃತ್ತದೊಳಗೇ ಸೇರಿಸಿಕೊಳ್ಳಿ. ಜಗಲಿ ಇರುವ ಮನೆಯವರು ಪುಣ್ಯವಂತರು. ಮೊಬೈಲುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಹಿಂದೆ ಕರೆಂಟ್ ಹೋದಾಗಲೇ ಮನೆಮಂದಿ ಹೆಚ್ಚು ನಗುತ್ತಿದ್ದರು ಎಂಬುದು ನನ್ನ ಗುಮಾನಿ.

ಅಜ್ಜ ಅಜ್ಜಿಯರ ವಿಷಯದಲ್ಲಿ ಒಂದು ಎಚ್ಚರ: ಕಿವಿ ಮಂದವಾದವರು ಎಲ್ಲರೂ ನಕ್ಕ ಮೇಲೆ ಮರ್ಯಾದೆಗೆಂದು ನಗುತ್ತಾರೆ, ಒಳಗೊಳಗೇ ಒಂಟಿಯಾಗುತ್ತಾರೆ. ಫ್ಯಾನಿನ ವೇಗ ತಗ್ಗಿಸಿ, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವಂತೆ ಕೂರಿಸಿ, ಶ್ರವಣಸಾಧನ ಇದ್ದರೆ ಹಾಕಿಕೊಂಡೇ ಬರಲಿ. ಕಟ್ಟುಹಲ್ಲು ಸಡಿಲವಾಗಿರುವುದರಿಂದ ಬಾಯಿ ಮುಚ್ಚಿ ನಗುವವರೂ ಇದ್ದಾರೆ. ಅದನ್ನು ದಂತವೈದ್ಯರು ಸರಿಪಡಿಸಬಲ್ಲರು.

3. ಅಡುಗೆಮನೆಗೆ ಬೀಗ ಹಾಕಿ

ನಮ್ಮ ಮನೆಗಳಲ್ಲಿ ನಗೆಕೂಟ ಹಾಳಾಗುವುದು ಇಲ್ಲಿಯೇ. ಗಂಡಸರು ಹಜಾರದಲ್ಲಿ ಗಹಗಹಿಸುತ್ತಾರೆ, ಹೆಂಗಸರು ಒಳಗೆ ಬೋಂಡ ಕರಿಯುತ್ತಾ "ಏನಂತೆ, ಏನಂತೆ" ಎಂದು ಬಾಗಿಲಿಂದ ಇಣುಕುತ್ತಾರೆ. ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆ ಕೇಳಿ ಬೆಳೆದ ಸಮಾಜ ಇದು. ಸೆರಗು ಬಾಯಿಗಿಟ್ಟುಕೊಂಡು ನಗುವ ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ. ಆದ್ದರಿಂದ ನಿಯಮ ಕಟ್ಟುನಿಟ್ಟಾಗಿರಲಿ: ಕಾಫಿ ಮೊದಲೇ ಫ್ಲಾಸ್ಕಿನಲ್ಲಿರಬೇಕು, ಆ 45 ನಿಮಿಷ ಯಾರೂ ಅಡುಗೆಮನೆಗೆ ಹೋಗಕೂಡದು, ಲೋಟ ತೊಳೆಯುವುದು ಗಂಡಸರ ಪಾಳಿ.

ತಿಂಡಿ ಬೇಕೇ ಬೇಕೆಂದರೆ ಕೊನೆಯಲ್ಲಿ ಕೊಡಿ. ಬಾಯಲ್ಲಿ ತುತ್ತು ಇಟ್ಟುಕೊಂಡು ನಕ್ಕರೆ ಅದು ಶ್ವಾಸನಾಳಕ್ಕೆ ಜಾರಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡಿ ಕಡಲೆಕಾಯಿ ಬೀಜವನ್ನು ಕೊಡಲೇಬೇಡಿ, ನಗುವ ಹೊತ್ತಿನಲ್ಲಂತೂ ಬೇಡವೇ ಬೇಡ.

4. ಕಿಡಿ ಹೊತ್ತಿಸಿ

"ಈಗ ಎಲ್ಲರೂ ಒಂದೊಂದು ಜೋಕು ಹೇಳಿ" ಎಂದರೆ ಕೂಟ ಅಲ್ಲೇ ಸತ್ತಿತು. ಪರೀಕ್ಷೆಯ ಕೊಠಡಿಯ ಮೌನ ಕವಿಯುತ್ತದೆ. ಅದರ ಬದಲು ತಪ್ಪುವ ಅವಕಾಶ ಇರುವ ಆಟಗಳಿಂದ ಆರಂಭಿಸಿ.

ಎಲ್ಲಕ್ಕಿಂತ ಸುಲಭವಾದದ್ದು ನಾಲಿಗೆ ಹೊರಳುವ ಮಾತು. "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು" ಎಂಬುದನ್ನು ಉಸಿರು ಬಿಡದೆ ಐದು ಸಲ ಹೇಳಬೇಕು. "ಕಾಗೆ ಪುಕ್ಕ, ಗುಬ್ಬಿ ಪುಕ್ಕ" ಇನ್ನೂ ಅಪಾಯಕಾರಿ. ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಹೇಳಲಾಗದು, ಸಭೆ ನೋಡಿ ಪ್ರಯೋಗಿಸಿ. ಇಲ್ಲಿ ಜಾಣತನ ಬೇಕಿಲ್ಲ, ಸೋತವರೇ ಹೆಚ್ಚು ನಗಿಸುತ್ತಾರೆ. ಮನೆಯ ಅತಿ ಗಂಭೀರ ವ್ಯಕ್ತಿಗೆ ಮೊದಲ ಸರದಿ ಕೊಡಿ. ಅವರು ತೊದಲಿದರೆಂದರೆ ಉಳಿದವರ ಬಿಗುಮಾನ ಕಳಚಿತು.

ಮುಂದಿನದು ಪದಗಳ ಗೊಂದಲ. ಎರಡು ಸೀಮೆಯ ಜನ ಮದುವೆಯಿಂದ ಸೇರಿದ ಮನೆಯಾದರೆ ನಿಮಗೆ ಬಂಡವಾಳ ಬೇಡವೇ ಬೇಡ. ಮೈಸೂರಿನ ಕಡೆಯವರು "ತಿಂಡಿ ಆಯಿತೇ?" ಎಂದು ಕೇಳಿದರೆ ಉತ್ತರ ಕರ್ನಾಟಕದ ಬೀಗರು ಮುಖ ನೋಡುತ್ತಾರೆ, ಅಲ್ಲಿ ತಿಂಡಿ ಎಂದರೆ ತುರಿಕೆ. ಹೊಸ ಊರಿನಲ್ಲಿ ತಾವು ಆಡಿ ಕೆಟ್ಟ ಮಾತು ಯಾವುದು ಎಂದು ಪ್ರತಿಯೊಬ್ಬರನ್ನೂ ಕೇಳಿ.

ಹಳೆಯ ಫೋಟೋ ಆಲ್ಬಂ ತೆಗೆಯಿರಿ. 1970ರ ದಶಕದ ಬೆಲ್‌ಬಾಟಂ, ಸ್ಟುಡಿಯೋದ ಪರದೆಯ ಮೇಲೆ ಬರೆದ ಕೃತಕ ಜಲಪಾತ, ಅದರ ಮುಂದೆ ಉಸಿರು ಬಿಗಿಹಿಡಿದು ನಿಂತ ದಂಪತಿ. ಯಾರೂ ಏನೂ ಹೇಳಬೇಕಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಿರಿಯ ಹೆಂಗಸರಿಗೆ ಒಡಪು, ಅಂದರೆ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಪದ್ಯ, ಬಾಯಿಪಾಠವಿರುತ್ತದೆ. ಅವರಿಂದ ಹೇಳಿಸಿ, ಆಮೇಲೆ ಗಂಡಂದಿರು ಹೆಂಡತಿಯ ಹೆಸರಿಗೆ ಆಗಿಂದಾಗಲೇ ಒಂದು ಒಡಪು ಕಟ್ಟಲಿ. ಪ್ರಾಸ ಸಿಗದೆ ಒದ್ದಾಡುವುದನ್ನು ನೋಡುವುದೇ ಸೊಗಸು. ಚೌಕಾಬಾರ ಆಡುವವರು ಕವಡೆ ಹಾಕುವಾಗಿನ ಮೋಸವನ್ನು ಸ್ವಲ್ಪ ಸಡಿಲ ಬಿಡಿ.

ಟಿವಿಯ ಹಾಸ್ಯ ಕಾರ್ಯಕ್ರಮ ಹಾಕಬಹುದೇ? ಹಾಕಬಹುದು, ಆದರೆ ಅದನ್ನು ಊರುಗೋಲಿನಂತೆ ಬಳಸಿ. ಹದಿನೈದು ನಿಮಿಷ ನೋಡಿ ನಿಲ್ಲಿಸಿ, ಆಮೇಲೆ ಮಾತಾಡಿ.

5. ಗೆರೆ ಎಲ್ಲಿದೆ ಎಂದು ಮೊದಲೇ ಹೇಳಿ

ಕನ್ನಡದಲ್ಲಿ ನಗು ಬೇರೆ, ನಗೆಪಾಟಲು ಬೇರೆ. ಒಂದರಲ್ಲಿ ನೀವಿರುತ್ತೀರಿ, ಇನ್ನೊಂದಕ್ಕೆ ನೀವು ಆಹಾರವಾಗುತ್ತೀರಿ. ಮನೆಯ ಕೂಟದಲ್ಲಿ ಈ ಎರಡನೆಯದು ತೀರಾ ಸುಲಭವಾಗಿ ನುಸುಳುತ್ತದೆ. ಅದಕ್ಕೆ ಬಲಿಯಾಗುವವರು ಸಾಮಾನ್ಯವಾಗಿ ತಿರುಗಿ ಮಾತನಾಡಲಾಗದವರು: ಹೊಸದಾಗಿ ಬಂದ ಸೊಸೆ, ದಪ್ಪಗಿರುವ ಹುಡುಗ, ಕೆಲಸ ಸಿಗದ ತಮ್ಮ, ಮನೆಗೆಲಸಕ್ಕೆ ಬರುವವರು.

ಮೈಬಣ್ಣ, ತೂಕ, ಉಗ್ಗು, ಅಂಕ, ಸಂಬಳ, ಮದುವೆ, ಮಕ್ಕಳಾಗದಿರುವುದು: ಈ ಏಳು ವಿಷಯಗಳಿಗೆ ಪ್ರವೇಶವಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಕೀಟಲೆ ಮಾಡಬೇಕೆನಿಸಿದರೆ ಮನೆಯಲ್ಲಿ ಅಧಿಕಾರ ಹೆಚ್ಚಿರುವವರ ಕಡೆಗೆ ತಿರುಗಿಸಿ, ಇಲ್ಲವೇ ನಿಮ್ಮದೇ ಪೆದ್ದುತನದ ಕಥೆ ಹೇಳಿ. ಅನುಮಾನ ಬಂದಾಗ ಆ ವ್ಯಕ್ತಿಯ ಕಣ್ಣನ್ನು ನೋಡಿ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯು ಕುಗ್ಗಿ ಅಂಚಿನಲ್ಲಿ ಸುಕ್ಕು ಮೂಡುತ್ತದೆ. 19ನೇ ಶತಮಾನದಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯನ ಹೆಸರಿನಲ್ಲಿ ಇದನ್ನು ಡ್ಯುಷೆನ್ ನಗು ಎನ್ನುತ್ತಾರೆ. ತುಟಿ ಮಾತ್ರ ಅಗಲವಾಗಿ ಕಣ್ಣು ಸುಮ್ಮನಿದ್ದರೆ ಅವರು ಸಹಿಸಿಕೊಳ್ಳುತ್ತಿದ್ದಾರೆ. ಕೂಡಲೇ ಮಾತು ಬದಲಿಸಿ. "ತಮಾಷೆಗೆ ಹೇಳಿದೆ, ಅಷ್ಟಕ್ಕೇ ಬೇಸರವೇ?" ಎಂದು ಕೇಳಬೇಡಿ, ಅದು ಎರಡನೆಯ ಏಟು.

ಮಕ್ಕಳಿಗೆ ಕಚಗುಳಿ ಇಡುವವರಿಗೂ ಒಂದು ಮಾತು. ಕಚಗುಳಿಯ ನಗು ಅರ್ಧಕ್ಕರ್ಧ ದೇಹದ ಅನೈಚ್ಛಿಕ ಪ್ರತಿಕ್ರಿಯೆ; ಮಗು ನಗುತ್ತಿದೆ ಎಂದರೆ ಖುಷಿಯಲ್ಲಿದೆ ಎಂದೇ ಅರ್ಥವಲ್ಲ. ಎರಡು ಸೆಕೆಂಡ್ ಕೈ ತೆಗೆಯಿರಿ. ಮಗು ಮತ್ತೆ ಹತ್ತಿರ ಬಂದರೆ ಮುಂದುವರಿಸಿ, ಸರಿದುಕೊಂಡರೆ ನಿಲ್ಲಿಸಿ.

6. ನಗು ಇನ್ನೂ ಇರುವಾಗಲೇ ಏಳಿ

45 ನಿಮಿಷ ಆಯಿತೆಂದರೆ ಮುಗಿಯಿತು. ಎಳೆದರೆ ಹಳೆಯ ಆಸ್ತಿ ವ್ಯಾಜ್ಯ ಯಾರದೋ ಬಾಯಿಗೆ ಬರುತ್ತದೆ.

7. ದೂರದಲ್ಲಿರುವವರು

ಮಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ನಮ್ಮ ಭಾನುವಾರ ಬೆಳಿಗ್ಗೆ 8 ಗಂಟೆಗೆ ಅಲ್ಲಿ ಶನಿವಾರ ಸಂಜೆ, ಬೇಸಿಗೆಯಲ್ಲಿ 7.30, ಚಳಿಗಾಲದಲ್ಲಿ 6.30. ದುಬೈಯವರಿಗೆ ನಮ್ಮ ಸಂಜೆ 6 ಎಂದರೆ 4.30. ವಿಡಿಯೊ ಕರೆಯಲ್ಲಿ ಧ್ವನಿ ಅರೆಗಳಿಗೆ ತಡವಾಗಿ ತಲುಪುವುದರಿಂದ ನಗುಗಳು ಒಂದರ ಮೇಲೊಂದು ಬೀಳುವುದಿಲ್ಲ, ಒಬ್ಬರ ನಗು ಇನ್ನೊಬ್ಬರ ಮಾತನ್ನು ನುಂಗುತ್ತದೆ. ಇಲ್ಲಿ ಕಥೆಗಿಂತ ಆಟ ವಾಸಿ: ಒಗಟು, ಅಂತ್ಯಾಕ್ಷರಿ, ಕಣ್ಣು ಮುಚ್ಚಿ ಆನೆಯ ಚಿತ್ರ ಬಿಡಿಸಿ ತೋರಿಸುವುದು. ಮೊಮ್ಮಗಳಿಗೆ "ಸುತ್ತಲೂ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಎಂದು ಕೇಳಿ ನೋಡಿ. ಮೊಟ್ಟೆ ಎಂಬ ಉತ್ತರಕ್ಕೆ ಮುಂಚೆ ಏನೇನು ಬರುತ್ತದೋ!

ಒಬ್ಬರೇ ಇರುವವರಿಗೆ

ಮನೆಯಲ್ಲಿ ಜೊತೆಯಿಲ್ಲದವರಿಗೆ ಉದ್ಯಾನದ ನಗೆಕೂಟ ಒಳ್ಳೆಯ ದಾರಿ. ಮುಂಬೈನ ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್‌ನಲ್ಲಿ ಐದು ಜನರೊಂದಿಗೆ ಇದನ್ನು ಆರಂಭಿಸಿದರು. ಮೊದಲಿಗೆ ಅವರೂ ಜೋಕು ಹೇಳಿಸುತ್ತಿದ್ದರು. ಎರಡೇ ವಾರದಲ್ಲಿ ಒಳ್ಳೆಯ ಜೋಕುಗಳು ಖಾಲಿಯಾಗಿ ಅಸಭ್ಯವಾದವು ತಲೆಹಾಕಿದಾಗ ಜೋಕನ್ನೇ ಕೈಬಿಟ್ಟು, ಉಸಿರಾಟದ ನಡುವೆ ಸುಮ್ಮನೆ ನಗುವ ವ್ಯಾಯಾಮವನ್ನು ರೂಪಿಸಿದರು. ಚಪ್ಪಾಳೆ ತಟ್ಟುತ್ತಾ "ಹೊ ಹೊ, ಹ ಹ ಹ" ಎಂದು ಶುರುವಾಗುವ ಈ ನಗು ಮೊದಲ ಐದು ನಿಮಿಷ ಕೃತಕವಾಗಿಯೇ ಇರುತ್ತದೆ. ಎದುರಿನವರ ಮುಖ ನೋಡಿದ ಮೇಲೆ ಹಲವರಿಗೆ ಅದು ನಿಜವಾಗುತ್ತದೆ. ಕೆಲವರಿಗೆ ಕೊನೆಯವರೆಗೂ ಮುಜುಗರವೇ. ನಾಲ್ಕು ದಿನ ಹೋಗಿ ನೋಡಿ. ಒಗ್ಗದಿದ್ದರೆ ಬಿಡಿ, ಅಲ್ಲಿ ಸಿಕ್ಕ ಇಬ್ಬರ ಜೊತೆ ಕಾಫಿಗೆ ಹೋಗಿ. ನಿಮಗೆ ಬೇಕಾಗಿದ್ದದ್ದು ಅದೇ ಇರಬಹುದು.

ಯಾವಾಗ ಒತ್ತಾಯಿಸಬಾರದು?

ಮೊದಲು ನಗುತ್ತಿದ್ದವರು ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಊಟ ಏರುಪೇರಾಗಿ ಕುಳಿತಿದ್ದರೆ ಅದು ಖಿನ್ನತೆಯಾಗಿರಬಹುದು. ಅವರನ್ನು ಎಳೆತಂದು ನಗಿಸಲು ಹೋದರೆ ಅವರ ಒಂಟಿತನ ಹೆಚ್ಚುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಪಾರ್ಶ್ವವಾಯು ಆದವರು ಕಾರಣವಿಲ್ಲದೆ ತಡೆಯಲಾರದಂತೆ ನಗತೊಡಗಿದರೆ ನರರೋಗ ತಜ್ಞರಿಗೆ ತೋರಿಸಿ.

ಸಾವಾದ ಮನೆಯಲ್ಲಿ ನಗಬಹುದೇ ಎಂದೂ ಕೇಳುತ್ತಾರೆ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿದ ಮೇಲೆ, ಹೋದವರ ಜಿಪುಣತನವನ್ನೋ ಸಿಟ್ಟನ್ನೋ ನೆನೆದು ಮಕ್ಕಳೇ ನಗುವುದನ್ನು ನೀವೂ ನೋಡಿರುತ್ತೀರಿ. ದುಃಖದಲ್ಲಿರುವವರೇ ಮೊದಲು ನಗಲಿ, ನೀವು ಆಮೇಲೆ ಸೇರಿಕೊಳ್ಳಿ.

ಕೂಟ ಕುದುರಿದೆಯೇ ಎಂದು ತಿಳಿಯಲು ಬಿ.ಪಿ. ಯಂತ್ರವನ್ನು ಕಟ್ಟಿಕೊಂಡು ಕೂರಬೇಡಿ. ಏಳೆಂಟು ವಾರ ಕಾಯಿರಿ. ಬುಧವಾರವೋ ಗುರುವಾರವೋ, ಎಲ್ಲರೂ ಅವಸರದಲ್ಲಿರುವ ಬೆಳಿಗ್ಗೆ, ಯಾರೋ ಚಪ್ಪಲಿ ಹುಡುಕುತ್ತಾ "ಮೂರು ಕರಿ ಕುರಿ ಮರಿ" ಎಂದು ಗೊಣಗುತ್ತಾರೆ. ಬಚ್ಚಲುಮನೆಯ ಒಳಗಿನಿಂದ ಇನ್ನೊಬ್ಬರು ಕಿಸಕ್ಕನೆ ನಗುತ್ತಾರೆ.